ಗಂಡನ ಬಾಯಿ ಒಂದು ಕಡೆ ವಾಲಿದೆ, ಇಲ್ಲಿ ಎಲ್ಲರೂ ಸೂಜಿ ಚುಚ್ಚಿಸಿ ಅಂತಿದ್ದಾರೆ. ಚುಚ್ಚಿಸಬಹುದಾ?

ಸುಜೌ_ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು, ನಾಲ್ಕು ವರ್ಷದಿಂದ ಚೀನಾದ ಸುಜೌನಲ್ಲಿದ್ದೇವೆ. ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಹಾಗೇ ಸೋರಿಹೋಯಿತು. ನಿದ್ದೆಗಣ್ಣು ಇರಬೇಕು ಅಂತ ನಕ್ಕೆವು. ಆಮೇಲೆ ಚಹಾ ಕುಡಿಯುವಾಗಲೂ ಹಾಗೇ ಆಯಿತು, ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಎಳೆದುಕೊಂಡಿದೆ, ಬಲಗಣ್ಣು ಮುಚ್ಚುತ್ತಲೇ ಇಲ್ಲ. ಲಕ್ವ ಹೊಡೆಯಿತೇನೋ ಅಂತ ನನ್ನ ಎದೆ ಧಸಕ್ಕೆಂದಿತು.

ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿದೆವು. ತಲೆ ಸ್ಕ್ಯಾನ್ ಮಾಡಿದರು, ಮೆದುಳಿಗೆ ಏನೂ ಆಗಿಲ್ಲ, ಇದು ಬೆಲ್ಸ್ ಪಾಲ್ಸಿ, ಮುಖದ ನರದ ತೊಂದರೆ ಅಂದರು. ಇವರ ಭಾಷೆಯಲ್ಲಿ ಮಿಯೆನ್‌ಥಾನ್. ಪ್ರೆಡ್ನಿಸೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ, ಬಿ12 ಇಂಜೆಕ್ಷನ್, ಕಣ್ಣಿಗೆ ಡ್ರಾಪ್ಸ್ ಕೊಟ್ಟರು. ಕೊನೆಗೆ ಆ ಡಾಕ್ಟರೇ ಒಂದು ಚೀಟಿ ಬರೆದು, ಮೂರನೇ ಮಹಡಿಯ ಜೆನ್‌ಜಿಯು ವಿಭಾಗಕ್ಕೂ ಹೋಗಿ ಅಂದರು. ಅಂದರೆ ಅಕ್ಯುಪಂಕ್ಚರ್. ಅದೇ ಆಸ್ಪತ್ರೆಯೊಳಗೆ!

ಪಕ್ಕದ ಮನೆಯ ಆಯೀ (ಇಲ್ಲಿ ಚಿಕ್ಕಮ್ಮನ ವಯಸ್ಸಿನವರಿಗೆ ಹೀಗೇ ಕರೆಯುತ್ತಾರೆ, ನನಗೆ ನಮ್ಮ ಧಾರವಾಡದ ಆಯಿ ನೆನಪಾಗುತ್ತಾರೆ) ಅವರದು ಒಂದೇ ಮಾತು. ರಾತ್ರಿ ಏಸಿ ಗಾಳಿ ಮುಖಕ್ಕೆ ಹೊಡೆದಿದೆ, ಮಾತ್ರೆಯಿಂದ ಗಾಳಿ ಹೋಗುವುದಿಲ್ಲ, ಸೂಜಿಯೇ ಬೇಕು. ಅತ್ತೆ ವಿಡಿಯೊ ಕಾಲ್‌ನಲ್ಲಿ ಅಳುತ್ತಾ, ಮುಖಕ್ಕೆಲ್ಲ ಸೂಜಿ ಚುಚ್ಚಿಸಬೇಡಿ, ಊರಿಗೆ ಬಂದುಬಿಡಿ, ಇಲ್ಲಿ ನಾಟಿ ಔಷಧಿ ಇದೆ ಅಂತಿದ್ದಾರೆ. ಇವತ್ತಿಗೆ ಮೂರನೇ ದಿನ. ಸೂಜಿ ಚುಚ್ಚಿಸಿದರೆ ನಿಜವಾಗಲೂ ಉಪಯೋಗ ಇದೆಯಾ? ನರಕ್ಕೆ ಪೆಟ್ಟಾಗುವುದಿಲ್ವಾ? ಈಗಲೇ ಶುರು ಮಾಡಬೇಕಾ, ಕಾಯಬೇಕಾ? ಗೊತ್ತಿರುವವರು ಹೇಳಿ.

ಕಿವಿಮೂಗುಗಂಟಲು

ಮೇಡಂ, ನಾನು ಹುಬ್ಬಳ್ಳಿಯಲ್ಲಿ ಇಎನ್‌ಟಿ ಡಾಕ್ಟರು. ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಸೂಜಿಯ ವಿಚಾರ ಆಮೇಲೆ, ಮೊದಲು ಎರಡು ಮುಖ್ಯ ವಿಷಯ.

ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಬೆಲ್ಸ್ ಪಾಲ್ಸಿಯಲ್ಲಿ ಮುಖದ ನರ ಊದಿಕೊಳ್ಳುತ್ತದೆ. ಆ ನರ ಕಿವಿಯ ಹಿಂದಿನ ಎಲುಬಿನಲ್ಲಿ ಒಂದು ಸಣ್ಣ ಕೊಳವೆಯೊಳಗೆ ಹಾದುಹೋಗುತ್ತದೆ, ಊದಿದರೆ ಅಲ್ಲಿ ಜಾಗವೇ ಇಲ್ಲ, ಹಿಂಡಿದ ಹಾಗಾಗುತ್ತದೆ. ಸ್ಟಿರಾಯ್ಡ್ ಆ ಊತ ಇಳಿಸುತ್ತದೆ. 72 ಗಂಟೆಯೊಳಗೆ ಶುರು ಮಾಡಿದರೆ ಲಾಭ ಹೆಚ್ಚು, ನೀವು ಮೊದಲ ದಿನವೇ ಮಾಡಿದ್ದೀರಿ, ಅದು ದೊಡ್ಡ ಕೆಲಸ. ಸ್ಕಾಟ್ಲೆಂಡ್‌ನಲ್ಲಿ ಮಾಡಿದ ಒಂದು ದೊಡ್ಡ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ಪ್ರೆಡ್ನಿಸೊಲೋನ್ (ಇದೂ ಅದೇ ಜಾತಿಯ ಸ್ಟಿರಾಯ್ಡ್) ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳಿಗೆ ನೂರಕ್ಕೆ 94 ಜನರ ಮುಖ ಪೂರ್ತಿ ಸರಿಹೋಗಿತ್ತು. ತೆಗೆದುಕೊಳ್ಳದವರಲ್ಲಿ ಸುಮಾರು 82. ನಿಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಸ್ಟಿರಾಯ್ಡ್‌ನಿಂದ ಸಕ್ಕರೆ ಏರುತ್ತದೆ, ಡಾಕ್ಟರಿಗೆ ಹೇಳಿರಿ.

ಎರಡನೆಯದು ಕಣ್ಣು. ಎಲ್ಲರೂ ಬಾಯಿ ಸೊಟ್ಟ ಆಗಿದೆ ಅಂತ ಅಳುತ್ತಾರೆ, ನಿಜವಾದ ಅಪಾಯ ಇರುವುದು ಮುಚ್ಚದ ಕಣ್ಣಿನಲ್ಲಿ. ಒಣಗಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಹಗಲು ಪದೇ ಪದೇ ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸಿ. ಹೊರಗೆ ಹೋಗುವಾಗ ಕನ್ನಡಕ.

ಇನ್ನೊಂದು ಗುರುತು ಹೇಳುತ್ತೇನೆ, ಓದುವ ಬೇರೆಯವರಿಗೂ ಬೇಕಾಗುತ್ತದೆ. ಲಕ್ವದಲ್ಲಿ, ಅಂದರೆ ಮೆದುಳಿನ ತೊಂದರೆಯಲ್ಲಿ, ಸಾಮಾನ್ಯವಾಗಿ ಹುಬ್ಬು ಮೇಲೆತ್ತಲು ಆಗುತ್ತದೆ, ಬಾಯಿ ಮಾತ್ರ ವಾಲುತ್ತದೆ. ಬೆಲ್ಸ್‌ನಲ್ಲಿ ಹಣೆಯೂ ಸುಕ್ಕಾಗುವುದಿಲ್ಲ. ಆದರೆ ಮನೆಯಲ್ಲೇ ಕೂತು ಇದನ್ನು ತೀರ್ಮಾನ ಮಾಡಬೇಡಿ, ಮುಖ ವಾಲಿದರೆ ಆಸ್ಪತ್ರೆಗೆ ಓಡಲೇಬೇಕು, ನೀವು ಓಡಿದ ಹಾಗೆ. ಕಿವಿಯಲ್ಲಿ ಗುಳ್ಳೆ ಎದ್ದು ಉರಿಯುತ್ತಿದ್ದರೆ ಅದು ಬೇರೆ ಕಾಯಿಲೆ, ಅದಕ್ಕೆ ಔಷಧಿಯೂ ಬೇರೆ.

ಅಕ್ಯುಪಂಕ್ಚರ್ ಬಗ್ಗೆ ನನಗೆ ಅನುಭವ ಕಡಿಮೆ. ಅಮೆರಿಕದ ಇಎನ್‌ಟಿ ಸಂಘದ 2013ರ ಮಾರ್ಗಸೂಚಿ, ಇದನ್ನು ಮಾಡಿಸಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಮಾತ್ರೆಯ ಜೊತೆಗೆ ಮಾಡಿಸಿದರೆ ನನ್ನ ತಕರಾರಿಲ್ಲ. ಮಾತ್ರೆಯ ಬದಲಿಗೆ ಅಂದರೆ ಖಂಡಿತ ಬೇಡ.

ಕುಂದಾಪ್ರ_ಮಾಣಿ

ಮಾರಾಯ್ರೆ, ನನಗೂ ಇದೇ ಆಗಿತ್ತು! ಗ್ವಾಂಗ್‌ಜೌನಲ್ಲಿ ಇದ್ದಾಗ, ಸಾಮಾನು ಖರೀದಿಗೆ ಹೋಗಿ ಎರಡು ವರ್ಷ ಅಲ್ಲೇ ಉಳಿದುಕೊಂಡಿದ್ದೆ. ನನ್ನದು ಎಡಗಡೆ. ಸಿಳ್ಳೆ ಹಾಕಲು ಹೋದರೆ ಬರೀ ಗಾಳಿ, ಅನ್ನ ತಿಂದರೆ ಕೆನ್ನೆಯ ಸಂದಿಯಲ್ಲಿ ಕೂತುಬಿಡುತ್ತಿತ್ತು, ಬೆರಳು ಹಾಕಿ ತೆಗೆಯಬೇಕು. ಅದರಲ್ಲೂ ಮೀನಿನ ಮುಳ್ಳು ಸಿಕ್ಕಿಕೊಂಡರೆ ಕೇಳಬೇಡಿ.

ಡಾಕ್ಟರ್ ಸಾಹೇಬ್ರು ಹೇಳಿದ ಮಾತ್ರೆ ಎಲ್ಲಾ ತಿಂದೆ. ಅದರ ಜೊತೆಗೆ ಸೂಜಿಯೂ ಹಾಕಿಸಿಕೊಂಡೆ. ಹೇಗಿರುತ್ತದೆ ಅಂತ ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ. ನಾನು ಇಂಜೆಕ್ಷನ್ ಸೂಜಿ ತಲೆಯಲ್ಲಿಟ್ಟುಕೊಂಡು ಬೆವರುತ್ತಾ ಕೂತಿದ್ದೆ. ಇದು ಅದಲ್ಲ. ಕಾಲು ಮಿಲಿಮೀಟರ್ ದಪ್ಪ ಇರುತ್ತದೆ ಅಷ್ಟೆ, ಒಳಗೆ ತೂತಿಲ್ಲ, ಬಗ್ಗುತ್ತದೆ. ಒಂದು ದೊಡ್ಡ ಹಾಲ್, ಸಾಲಾಗಿ ಮಂಚ, ಎಲ್ಲರ ಮುಖದಲ್ಲೂ ಸೂಜಿ, ಪಕ್ಕದ ಅಜ್ಜ ಮೊಣಕಾಲಲ್ಲಿ ಸೂಜಿ ಇಟ್ಟುಕೊಂಡೇ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ನನಗೆ ಹಣೆ, ಕಣ್ಣಿನ ಕೆಳಗೆ, ಬಾಯಿಯ ತುದಿ, ದವಡೆ, ಕಿವಿಯ ಹಿಂದೆ ಚುಚ್ಚಿದರು. ಬಾಯಿಯ ತುದಿಯ ಸೂಜಿಯನ್ನು ನೇರ ಚುಚ್ಚುವುದಿಲ್ಲ, ಚರ್ಮದ ಕೆಳಗೇ ಅಡ್ಡಡ್ಡ ದವಡೆ ಕಡೆಗೆ ತಳ್ಳುತ್ತಾರೆ. ನೋಡಲು ಭಯ, ನೋವು ಇರುವೆ ಕಚ್ಚಿದಷ್ಟು. ಆಮೇಲೆ ಒಂದು ಕೆಂಪು ದೀಪ ಕೆನ್ನೆಯ ಪಕ್ಕ ಇಟ್ಟು ಅರ್ಧ ಗಂಟೆ ಮಲಗಿಸುತ್ತಾರೆ. ನಾನು ಗೊರಕೆ ಹೊಡೆದಿದ್ದೇನೆ.

ಜಾಸ್ತಿ ನೋವು ಮುಖದಲ್ಲಿ ಅಲ್ಲ, ಕೈಯಲ್ಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸದಲ್ಲಿ ಒಂದು ಚುಚ್ಚಿ ತಿರುಗಿಸುತ್ತಾರೆ, ಕರೆಂಟ್ ಹೊಡೆದ ಹಾಗೆ ಜುಮ್ ಅಂದು ಮೇಲೆ ಹತ್ತುತ್ತದೆ. ಮುಖ ಸರಿ ಮಾಡಲು ಕೈಗೆ ಯಾಕೆ ಮಾರಾಯ್ರೆ ಅಂತ ಕೇಳಿದೆ, ಡಾಕ್ಟರು ನಕ್ಕರು. ಕೊನೆಯಲ್ಲಿ ಗಾಜಿನ ಬಟ್ಟಲಿನೊಳಗೆ ಬೆಂಕಿ ತೋರಿಸಿ ಕೆನ್ನೆಗೆ ಪಟ್ ಪಟ್ ಅಂತ ಅಂಟಿಸಿ ಕಿತ್ತುತ್ತಿದ್ದರು, ಇಟ್ಟು ಬಿಡುವುದಿಲ್ಲ.

ಐದಾರು ವಾರದಲ್ಲಿ ಸರಿಹೋಯಿತು. ಕಣ್ಣಿನ ಕೆಳಗೆ ಒಮ್ಮೆ ನೀಲಿ ಕಟ್ಟಿತ್ತು, ಹೆಂಡತಿ ಹೊಡೆದದ್ದಾ ಅಂತ ಎಲ್ಲರೂ ಕೇಳಿದರು. ಮಾಡಿಸಿ, ಹೆದರಬೇಡಿ.

ಅರ್ಧ_ಡಾಕ್ಟರು

ಅಕ್ಕಾ, ನಾನು ಚೀನಾದಲ್ಲೇ ಎಂಬಿಬಿಎಸ್ ಓದುತ್ತಿರುವವನು, ಊರು ಚಿಕ್ಕಮಗಳೂರು. ನಮಗೆ ಇಲ್ಲಿನ ಸಾಂಪ್ರದಾಯಿಕ ವೈದ್ಯದ ಬಗ್ಗೆಯೂ ಒಂದು ವಿಷಯ ಇದೆ, ಹಾಗಾಗಿ ಜೆನ್‌ಜಿಯು ವಾರ್ಡಿನಲ್ಲಿ ನಿಂತು ನೋಡಿದ್ದೇನೆ.

ಕುಂದಾಪ್ರದ ಅಣ್ಣನಿಗೆ ಕೈಗೆ ಚುಚ್ಚಿದ್ದು ಹಗು ಅನ್ನುವ ಬಿಂದು. ಮುಖ, ಬಾಯಿ ಯಾವ ತೊಂದರೆ ಇದ್ದರೂ ಹಗು ಹಿಡಿ ಅನ್ನುವುದು ಇವರ ಹಳೆಯ ಲೆಕ್ಕ. ಇನ್ನೂ ಮಜಾ ಅಂದರೆ ಬಲಮುಖದ ತೊಂದರೆಗೆ ಹಲವರು ಎಡಗೈಗೆ ಚುಚ್ಚುತ್ತಾರೆ, ಏಕೆಂದರೆ ಕೈಯಿಂದ ಹೊರಟ ಆ ನಾಡಿ ಮೇಲ್ತುಟಿಯ ಮೇಲೆ ದಾಟಿ ಇನ್ನೊಂದು ಬದಿಗೆ ಹೋಗುತ್ತದೆ ಅಂತ ಇವರ ನಕ್ಷೆ. ದೇಹ ಕೊಯ್ದು ನೋಡಿದರೆ ಅಂಥ ನಾಡಿ ಸಿಗುವುದಿಲ್ಲ, ಅದು ಬೇರೆ ಮಾತು. ಬಾಯಿಯ ತುದಿಯದು ದೀತ್ಸಾಂಗ್, ದವಡೆಯದು ಜಿಯಾಛ, ಹುಬ್ಬಿನ ಮೇಲಿನದು ಯಾಂಗ್‌ಬಾಯ್, ಕಿವಿಯ ಹಿಂದಿನದು ಯೀಫೆಂಗ್. ಯೀಫೆಂಗ್‌ನ ಫೆಂಗ್ ಅಂದರೆ ಗಾಳಿ. ನಿಮ್ಮ ಪಕ್ಕದ ಮನೆ ಆಯೀ ಹೇಳಿದ ಅದೇ ಗಾಳಿ! ಇವರು ಲಕ್ವಕ್ಕೂ ಜೊಂಗ್‌ಫೆಂಗ್ ಅಂತಾರೆ, ಗಾಳಿ ಬಡಿದದ್ದು ಅಂತ ಅರ್ಥ. ನಾವು ನಗುವ ಹಾಗಿಲ್ಲ, ನಮ್ಮ ಪಾರ್ಶ್ವವಾಯುವಿನಲ್ಲೂ ವಾಯು ಕೂತಿದೆ ಅಲ್ವಾ.

ಆ ಜುಮ್ ಅನ್ನುವುದಕ್ಕೆ ಇವರು ದಛೀ ಅಂತಾರೆ, ಛೀ (ಇವರ ಲೆಕ್ಕದ ಪ್ರಾಣಶಕ್ತಿ) ಬಂತು ಅಂತ. ಸೂಜಿ ಎತ್ತಿ ಇಳಿಸಿ, ತಿರುಗಿಸಿ, ರೋಗಿಗೆ ಜೋಮು, ಭಾರ, ಬಿಗಿತ ಏನಾದರೂ ಬರುವವರೆಗೂ ಬಿಡುವುದಿಲ್ಲ. ಬಂದಿಲ್ಲ ಅಂದರೆ ಚುಚ್ಚಿದ್ದೇ ದಂಡ ಅನ್ನುವುದು ಹಳಬರ ಮಾತು. ಇದು ಬರೀ ನಂಬಿಕೆಯಾ ಅಂತ ಪರೀಕ್ಷೆ ಮಾಡಿದ್ದಾರೆ, ಅದೂ ಬೆಲ್ಸ್ ಪಾಲ್ಸಿಯಲ್ಲೇ. 2013ರಲ್ಲಿ ಕೆನಡಾದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು, ಮಾಡಿದವರು ಚೀನಾದ ಡಾಕ್ಟರುಗಳು. 338 ರೋಗಿಗಳು. ಎಲ್ಲರಿಗೂ ಪ್ರೆಡ್ನಿಸೋನ್, ಎಲ್ಲರಿಗೂ ಸೂಜಿ. ಅರ್ಧ ಜನರಿಗೆ ದಛೀ ಬರುವ ತನಕ ತಿರುಗಿಸಿದರು, ಇನ್ನರ್ಧ ಜನರಿಗೆ ಸುಮ್ನೆ ಚುಚ್ಚಿ ಬಿಟ್ಟರು. ಆರು ತಿಂಗಳಿಗೆ ಸೂಜಿ ತಿರುಗಿಸಿಕೊಂಡವರ ಮುಖ ಹೆಚ್ಚು ಚೆನ್ನಾಗಿ ಸುಧಾರಿಸಿತ್ತು. ಗಮನಿಸಿ, ಅಲ್ಲೂ ಮಾತ್ರೆ ಬಿಡಿಸಿರಲಿಲ್ಲ.

ಯಾವಾಗ ಶುರು ಅನ್ನುವುದರಲ್ಲಿ ಇವರಲ್ಲೇ ಒಮ್ಮತ ಇಲ್ಲ. ನಾನು ನೋಡಿದ ವಾರ್ಡಿನಲ್ಲಿ ಮೊದಲ ವಾರ ಮುಖಕ್ಕೆ ಕಡಿಮೆ ಸೂಜಿ, ಆಳವಿಲ್ಲ, ಜೋರಾಗಿ ತಿರುಗಿಸುವುದಿಲ್ಲ. ಕೈ ಕಾಲಿಗೇ ಹೆಚ್ಚು. ಊತ ಇಳಿದ ಮೇಲೆ ಜೋರು. ಸೂಜಿಗೆ ಕರೆಂಟ್ ವೈರ್ ಸಿಕ್ಕಿಸುವುದನ್ನು ಮೊದಲ ವಾರ ಮಾಡುತ್ತಲೇ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ. ಸೂಜಿ ಹಾಕಿದಾಗ ತಲೆ ಸುತ್ತಿ ಬೀಳುವವರು ಇದ್ದಾರೆ, ಅದಕ್ಕೇ ಮಲಗಿಸಿ ಹಾಕುತ್ತಾರೆ.

ಪುರಾವೆ_ಎಲ್ಲಿ

ಎಲ್ಲಾ ಸರಿ, ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡೆನ್ಮಾರ್ಕ್‌ನಲ್ಲಿ ಒಬ್ಬ ಡಾಕ್ಟರು ಯಾವ ಚಿಕಿತ್ಸೆಯನ್ನೂ ಕೊಡದೆ 1701 ಬೆಲ್ಸ್ ಪಾಲ್ಸಿ ರೋಗಿಗಳನ್ನು ನೋಡುತ್ತಾ ಹೋದರು. ನೂರಕ್ಕೆ 71 ಜನ ತಾವಾಗಿಯೇ ಪೂರ್ತಿ ಸರಿಹೋದರು. ಅಂದರೆ ಸೂಜಿಯವನು, ನಾಟಿಯವನು, ತಾಯಿತದವನು, ಪಾರಿವಾಳದ ರಕ್ತ ಹಚ್ಚುವವನು, ಯಾರೇ ಆಗಲಿ, ಹತ್ತರಲ್ಲಿ ಏಳು ಜನರ ಬಾಯಲ್ಲಿ ದೇವರಾಗುತ್ತಾನೆ. ಕುಂದಾಪ್ರದವರು ಐದಾರು ವಾರಕ್ಕೆ ಸರಿಹೋದರು ಅಂದರಲ್ಲ, ಸೂಜಿ ಇಲ್ಲದೇ ಇದ್ದರೂ ಬಹುಶಃ ಅಷ್ಟೇ ಆಗುತ್ತಿತ್ತು.

ಆ ಕೆನಡಾ ಪತ್ರಿಕೆಯ ಪರೀಕ್ಷೆಯಲ್ಲೂ ಒಂದು ತೂತಿದೆ. ಎರಡೂ ಗುಂಪಿಗೆ ಸೂಜಿ ಇತ್ತು. ಸೂಜಿಯೇ ಇಲ್ಲದ ಮೂರನೇ ಗುಂಪು ಇರಲಿಲ್ಲ. ಹಾಗಾಗಿ ತಿರುಗಿಸಿದ್ದು ತಿರುಗಿಸದ್ದಕ್ಕಿಂತ ಮೇಲು ಅಂತ ಹೇಳಬಹುದು, ಸೂಜಿ ಬೇಕೇ ಬೇಕು ಅಂತ ಹೇಳಲು ಬರುವುದಿಲ್ಲ. ಜೊತೆಗೆ ಸೂಜಿ ತಿರುಗಿಸುವವನಿಗೆ ತಾನು ತಿರುಗಿಸುತ್ತಿದ್ದೇನೆ ಅಂತ ಗೊತ್ತೇ ಇರುತ್ತದೆ, ಅದನ್ನು ಮುಚ್ಚಿಡಲು ಆಗುವುದಿಲ್ಲ. ಕಾಕ್ರೇನ್‌ನವರು (ವೈದ್ಯಕೀಯ ಪರೀಕ್ಷೆಗಳನ್ನು ಕೂಡಿಸಿ ತೂಗಿ ನೋಡುವ ಸಂಸ್ಥೆ) 2010ರಲ್ಲಿ ಬೆಲ್ಸ್ ಪಾಲ್ಸಿಗೆ ಸೂಜಿ ಹಾಕಿದ ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ, ಇವುಗಳ ಗುಣಮಟ್ಟ ನೋಡಿದರೆ ಏನೂ ತೀರ್ಮಾನ ಹೇಳಲಾಗದು ಅಂದಿದ್ದರು.

ಬೇರೆ ಕಾಯಿಲೆಯಲ್ಲೂ ಇದೇ ಕಥೆ ಕಾಣುತ್ತದೆ. ಜರ್ಮನಿಯಲ್ಲಿ ಸೊಂಟನೋವಿನ 1162 ರೋಗಿಗಳ ಮೇಲೆ ಮಾಡಿದರು, 2007ರಲ್ಲಿ ಬಂತು. ನಿಜವಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 47.6 ಜನರಿಗೆ ಗುಣ, ಎಲ್ಲೋ ಒಂದು ಕಡೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ 44.2, ಮಾಮೂಲಿ ಮಾತ್ರೆ ವ್ಯಾಯಾಮದವರಲ್ಲಿ 27.4. ಸೂಜಿ ಕೆಲಸ ಮಾಡಿತು, ಆದರೆ ಎಲ್ಲಿ ಚುಚ್ಚಿದರು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ! ಎರಡು ಸಾವಿರ ವರ್ಷದ ನಕ್ಷೆ ಏನಾಯಿತು ಹಾಗಾದರೆ?

ಅರ್ಧ_ಡಾಕ್ಟರು

ಪುರಾವೆ ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ಸೊಂಟನೋವು ನಿಜ. ಆದರೆ ವಾಂತಿಯ ವಿಷಯ ನೋಡಿ. ಮಣಿಕಟ್ಟಿನಿಂದ ಮೂರು ಬೆರಳು ಮೇಲೆ, ಎರಡು ನರದ ಹಗ್ಗಗಳ ನಡುವೆ ನೇಯ್‌ಗುವಾನ್ ಅನ್ನುವ ಬಿಂದು ಇದೆ. ಆಪರೇಷನ್ ಆದ ಮೇಲೆ ಬರುವ ವಾಕರಿಕೆಗೆ ಅಲ್ಲಿ ಸೂಜಿ, ಒತ್ತುಪಟ್ಟಿ ಏನಾದರೂ ಹಾಕಿ ನೋಡಿದ 59 ಪರೀಕ್ಷೆಗಳನ್ನು ಅದೇ ಕಾಕ್ರೇನ್‌ನವರು 2015ರಲ್ಲಿ ಕೂಡಿಸಿದರು. ಸುಳ್ಳು ಚಿಕಿತ್ಸೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು, ವಾಂತಿ ನಿಲ್ಲಿಸುವ ಔಷಧಿಗೆ ಹತ್ತಿರ ಹತ್ತಿರ. ಹಾಗಾಗಿ ಒಂದೊಂದು ಕಾಯಿಲೆಗೆ ಒಂದೊಂದು ಉತ್ತರ. ಅಕ್ಯುಪಂಕ್ಚರ್ ನಿಜವಾ ಸುಳ್ಳಾ ಅನ್ನುವ ಪ್ರಶ್ನೆಯೇ ಸರಿ ಇಲ್ಲ ಅನಿಸುತ್ತದೆ ನನಗೆ.

ಕಿವಿಮೂಗುಗಂಟಲು

ಅದು ನರದ ಹಗ್ಗ ಅಲ್ಲ ತಮ್ಮಾ, ಸ್ನಾಯುವಿನ ಹಗ್ಗ, ಟೆಂಡನ್. ಅರ್ಧ ಡಾಕ್ಟರು ಅಂತ ಹೆಸರಿಟ್ಟುಕೊಂಡದ್ದು ಸರಿಯಾಗಿದೆ 😄 ಆ ಎರಡರ ನಡುವೆ, ಕೆಳಗೆ, ನಿಜವಾದ ನರವೂ ಇದೆ, ಮೀಡಿಯನ್ ನರ. ಗೊತ್ತಿಲ್ಲದವರ ಕೈಗೆ ಸೂಜಿ ಕೊಟ್ಟರೆ ಅದಕ್ಕೇ ತಾಗುತ್ತದೆ.

ಜಯನಗರ_ನಾಲ್ಕನೇ_ಬ್ಲಾಕ್

ಊರಿಗೆ ಬಂದು ಮಾಡಿಸಿ ಅನ್ನುವವರಿಗೆ ನನ್ನ ಅನುಭವ. ಬೆಂಗಳೂರಿನಲ್ಲಿ ನನ್ನ ತಂಗಿಗೆ ಬೆಲ್ಸ್ ಆದಾಗ ಒಂದು ಅಕ್ಯುಪಂಕ್ಚರ್ ಸೆಂಟರಿಗೆ ಕರೆದುಕೊಂಡು ಹೋದೆವು, ಹೆಸರು ಬೇಡ. ಗೋಡೆಯ ತುಂಬ ಸರ್ಟಿಫಿಕೇಟು. ಅವರು ಮೊದಲು ಹೇಳಿದ್ದೇ ಸ್ಟಿರಾಯ್ಡ್ ವಿಷ, ಇವತ್ತೇ ನಿಲ್ಲಿಸಿ ಅಂತ. ಎರಡನೇ ದಿನವೇ ಕೆನ್ನೆಯ ಸೂಜಿಗೆ ವೈರ್ ಸಿಕ್ಕಿಸಿ ಕರೆಂಟ್ ಕೊಟ್ಟರು, ಕೆನ್ನೆ ಕಪ್ಪೆ ಕಾಲಿನ ಹಾಗೆ ಕುಣಿಯುತ್ತಿತ್ತು, ನೋಡಿ ನರ ಎಚ್ಚರ ಆಯಿತು ಅಂದರು. ಸೂಜಿಗಳನ್ನು ಒಂದು ಡಬ್ಬಿಯಿಂದ ತೆಗೆದು ಅದೇ ಡಬ್ಬಿಗೆ ವಾಪಸ್ ಹಾಕಿದ್ದು ನೋಡಿ ನಾನು ತಂಗಿಯನ್ನು ಎಬ್ಬಿಸಿಕೊಂಡು ಬಂದುಬಿಟ್ಟೆ. ಮಾತ್ರೆ ಮತ್ತೆ ಶುರು ಮಾಡಿದೆವು. ಅವಳಿಗೆ ಪೂರ್ತಿ ಸರಿಹೋಗಲಿಲ್ಲ, ಈಗಲೂ ಜೋರಾಗಿ ನಕ್ಕರೆ ಒಂದು ಕಣ್ಣು ಸಣ್ಣದಾಗುತ್ತದೆ. ಅದಕ್ಕೆ ಅವರೇ ಕಾರಣ ಅಂತ ಹೇಳಲಾರೆ, ಆದರೆ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ನೀವು ಎಲ್ಲೇ ಮಾಡಿಸಿ, ಪ್ರತಿ ಸಲ ಹೊಸ ಪ್ಯಾಕೆಟ್ ನಿಮ್ಮ ಕಣ್ಣ ಮುಂದೆ ಒಡೆಯಬೇಕು. ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಎಣಿಸಿ. ನಗಬೇಡಿ, ಕೂದಲಿನೊಳಗೆ ಒಂದು ಉಳಿದುಬಿಡುತ್ತದೆ.

ಪುರಾವೆ_ಎಲ್ಲಿ

ಇಲ್ಲಿ ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಂಡಿದೆ. ಬಂಗಾಳದಲ್ಲಿ 1996ರಲ್ಲೇ ಕಾನೂನು ಮಾಡಿದ್ದರು. ಅಲ್ಲಿ ಬೇಗ ಬರಲು ಕಾರಣ ಇದೆ. 1938ರಲ್ಲಿ ನಮ್ಮ ಸೊಲ್ಲಾಪುರದ ಡಾಕ್ಟರ್ ಕೊಟ್ನಿಸ್ ಸೇರಿ ಚೀನಾಕ್ಕೆ ಹೋದ ಐದು ಡಾಕ್ಟರುಗಳಲ್ಲಿ ಬಸು ಅಂತ ಒಬ್ಬರಿದ್ದರು. ಅವರೇ ಮುಂದೆ ಇದನ್ನು ಕಲಿತು ಬಂದು ಕೋಲ್ಕತ್ತದಲ್ಲಿ ಶುರು ಮಾಡಿದ್ದು. ಸೂಜಿಯನ್ನು ಅಷ್ಟು ಬೈದರೂ ಇದು ನನಗೆ ಇಷ್ಟದ ಕಥೆ. ಇರಲಿ, ಸೊಸೆಯವರೇ, ನಿಮ್ಮಲ್ಲಿ ನರರೋಗದ ಡಾಕ್ಟರು ಮತ್ತು ಸೂಜಿಯ ಡಾಕ್ಟರು ಒಂದೇ ಕಟ್ಟಡದಲ್ಲಿದ್ದಾರೆ, ಒಂದೇ ಫೈಲ್ ನೋಡುತ್ತಾರೆ. ಆ ಅನುಕೂಲ ಇಲ್ಲಿ ಸಿಗುವುದಿಲ್ಲ. ಬರಬೇಡಿ.

ಸುಜೌ_ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬರೆಯಲು ತಡವಾಯಿತು, ಇವತ್ತಿಗೆ ಐದು ವಾರ.

ಮಾತ್ರೆ ಡಾಕ್ಟರು ಹೇಳಿದಷ್ಟು ದಿನ ಮುಗಿಸಿದೆವು. ಸೂಜಿ ಎಂಟನೇ ದಿನದಿಂದ, ವಾರಕ್ಕೆ ಮೂರು ಸಲ. ಅಲ್ಲಿನ ಡಾಕ್ಟರಮ್ಮ ಮೊದಲ ದಿನವೇ, ಮಾತ್ರೆ ನಿಲ್ಲಿಸಿಲ್ಲ ತಾನೇ ಅಂತ ಕೇಳಿದಾಗ ನನಗೆ ಅರ್ಧ ಭಯ ಹೋಯಿತು. ಕರೆಂಟ್ ಬೇಡ ಅಂದೆ, ನಾನೂ ಕೊಡುವುದಿಲ್ಲ ಅಂದರು. ಇವರು ಕುಂದಾಪ್ರದ ಅಣ್ಣನ ಹಾಗೆ ಗೊರಕೆ ಹೊಡೆಯಲಿಲ್ಲ, ಕೈಯ ಸೂಜಿ ತಿರುಗಿಸಿದಾಗ ಅಮ್ಮಾ ಅಂತ ಕೂಗಿ ಇಡೀ ವಾರ್ಡು ತಿರುಗಿ ನೋಡಿತು. ಅಮ್ಮಾ ಅನ್ನುವುದು ಇವರಿಗೂ ಅರ್ಥವಾಗುತ್ತದೆ.

ಮೂರನೇ ವಾರದ ಕೊನೆಗೆ ಬಾಯಿಯ ತುದಿ ಸ್ವಲ್ಪ ಅಲ್ಲಾಡಿತು. ಈಗ ಮುಕ್ಕಾಲು ಪಾಲು ಸರಿ ಅನ್ನಬಹುದು, ಹುಬ್ಬು ಮಾತ್ರ ಇನ್ನೂ ಸರಿಯಾಗಿ ಏಳುತ್ತಿಲ್ಲ. ಸೂಜಿಯಿಂದಲೋ, ಮಾತ್ರೆಯಿಂದಲೋ, ಹತ್ತರಲ್ಲಿ ಏಳು ಜನರಲ್ಲಿ ಇವರೂ ಒಬ್ಬರೋ, ನನಗೆ ತಿಳಿಯದು. ಆಯೀ ಮಾತ್ರ ಗಾಳಿ ಹೋಯಿತು ನೋಡು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ಅತ್ತೆ ಹರಕೆ ತೀರಿಸಲು ದಿನ ನೋಡುತ್ತಿದ್ದಾರೆ.

ಡಾಕ್ಟರ್ ಸರ್, ಕಣ್ಣು ಈಗ ಎಚ್ಚರ ಇದ್ದಾಗ ಮುಚ್ಚುತ್ತದೆ, ನಿದ್ದೆಯಲ್ಲಿ ಒಂದು ಗೆರೆಯಷ್ಟು ತೆರೆದಿರುತ್ತದೆ. ರಾತ್ರಿಯ ಟೇಪ್ ನಿಲ್ಲಿಸಬಹುದಾ? ರೆಪ್ಪೆಯ ಕೂದಲು ಕಿತ್ತುಬರುತ್ತದೆ ಅಂತ ದಿನಾ ಜಗಳ.

ಕಿವಿಮೂಗುಗಂಟಲು

ಗೆರೆಯಷ್ಟು ತೆರೆದಿದ್ದರೂ ಒಣಗುತ್ತದೆ ಮೇಡಂ, ಇನ್ನೂ ನಿಲ್ಲಿಸಬೇಡಿ. ಕಾಗದದ ಟೇಪ್ ತೆಗೆದುಕೊಳ್ಳಿ, ಅಡ್ಡ ಹಾಕದೆ ಕೂದಲು ಬಿಟ್ಟು ಮೇಲಿನ ರೆಪ್ಪೆಯ ಮೇಲಿಂದ ಕೆನ್ನೆಯ ಕಡೆಗೆ ಓರೆಯಾಗಿ ಎಳೆದು ಅಂಟಿಸಿ, ಬೆಳಿಗ್ಗೆ ಒದ್ದೆ ಬಟ್ಟೆ ಒತ್ತಿ ನೆನೆಸಿ ತೆಗೆಯಿರಿ. ಒಮ್ಮೆ ಕಣ್ಣಿನ ಡಾಕ್ಟರಿಗೂ ತೋರಿಸಿಬಿಡಿ.